ಹುಡುಕಿದಾಗ ಮೊದಲು ಸಿಗುವ ಮದ್ದು

ಚಿಕಿತ್ಸಾಲಯಕ್ಕೆ ಬರುವವರು ಹಿಂದೆಲ್ಲ ಒಂದು ಕೈಯಲ್ಲಿ ಹಳೆಯ ಚೀಟಿ, ಇನ್ನೊಂದು ಕೈಯಲ್ಲಿ ಖಾಲಿಯಾದ ಮಾತ್ರೆ ಪಟ್ಟಿ ಹಿಡಿದು ಬರುತ್ತಿದ್ದರು. ಈಗ ಅವುಗಳ ಜೊತೆಗೆ ಮೊಬೈಲ್ ಫೋನೂ ಬರುತ್ತದೆ. ಕುರ್ಚಿಯಲ್ಲಿ ಕೂರುತ್ತಲೇ ಫೋನನ್ನು ನನ್ನ ಕಡೆಗೆ ತಿರುಗಿಸಿ, "ಡಾಕ್ಟ್ರೇ, ಇದನ್ನು ಸ್ವಲ್ಪ ನೋಡಿ. ನನ್ನ ಕಾಯಿಲೆ ಹೆಸರು ಹಾಕಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಇದೇ ಬಂತು" ಎನ್ನುತ್ತಾರೆ. ಆ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ. ಮೇಲೆ ಬಂದದ್ದು ಒಳ್ಳೆಯದೇ ಇರಬೇಕು, ಕೆಳಗಿರುವುದು ಅದಕ್ಕಿಂತ ಒಂದು ಕೈ ಕಡಿಮೆ ಎಂಬ ನಂಬಿಕೆ. ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಮಕ್ಕಳ ಹೆಸರು ಎಷ್ಟು ಮೇಲಿದೆ ಎಂದು ಹುಡುಕಿ ರೂಢಿಯಾದ ನಮಗೆ ಹಾಗೆ ಅನ್ನಿಸುವುದು ಸಹಜವೇ.

ಆದರೆ ಈ ಪಟ್ಟಿಯಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದನ್ನು ತೀರ್ಮಾನಿಸುವವರು ಯಾರು? ಹಣ ಕೊಟ್ಟು ಕಳ್ಳದಾರಿಯಲ್ಲಿ ಮೊದಲ ಸ್ಥಾನ ಗಿಟ್ಟಿಸಲು ಬರುತ್ತದೆಯೇ? ಬರುತ್ತದೆ. ಅದಕ್ಕೆಂದೇ ಜಗತ್ತಿನಾದ್ಯಂತ ಒಂದು ವ್ಯಾಪಾರ ನಡೆಯುತ್ತಿದೆ. ಆರೋಗ್ಯದ ಅಂಕಣದಲ್ಲಿ ಕಂಪ್ಯೂಟರ್ ಪಾಠ ಏಕೆ ಎಂದು ಹುಬ್ಬೇರಿಸಬೇಡಿ. ಈ ವ್ಯಾಪಾರದಿಂದ ಮೇಲೇರುವ ಸರಕುಗಳಲ್ಲಿ ಔಷಧಿಗಳದ್ದು ದೊಡ್ಡ ಪಾಲು. ಆದ್ದರಿಂದ ಇದು ನಿಮ್ಮ ಮನೆಯ ಔಷಧಿ ಡಬ್ಬಿಯ ವಿಷಯವೂ ಹೌದು.

ಶಿಫಾರಸು ಪತ್ರದ ಲೆಕ್ಕ

ಇಂಟರ್‌ನೆಟ್ಟಿನ ಆರಂಭದ ದಿನಗಳಲ್ಲಿ, ಅಂದರೆ 1995ರ ಸುಮಾರಿನಲ್ಲಿ, ಆಲ್ಟಾವಿಸ್ಟಾದಂಥ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದಲ್ಲಿರುವ ಪದಗಳನ್ನು ನೋಡುತ್ತಿದ್ದವು. ನೀವು 'ಕೆಮ್ಮು' ಎಂದು ಹುಡುಕಿದರೆ ಯಾವ ಪುಟದಲ್ಲಿ 'ಕೆಮ್ಮು' ಎಂಬ ಪದ ಹೆಚ್ಚು ಸಲ ಇದೆಯೋ ಅದಕ್ಕೆ ಮೇಲೇರುವ ಅವಕಾಶ ಹೆಚ್ಚು. ಇದನ್ನು ಅರಿತ ಕಿಲಾಡಿಗಳು ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ಬರೆದಿಡುತ್ತಿದ್ದರು. ಓದುಗರ ಕಣ್ಣಿಗೆ ಕಾಣದು, ಯಂತ್ರಕ್ಕೆ ಮಾತ್ರ ಕಾಣುತ್ತದೆ.

1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಬೇರೆಯೇ ಒಂದು ಲೆಕ್ಕವನ್ನು ಮುಂದಿಟ್ಟರು. ಪುಟವೊಂದು ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ, ಬೇರೆ ಪುಟಗಳು ಅದರ ಕಡೆಗೆ ಎಷ್ಟು ಬೆರಳು ತೋರಿಸುತ್ತವೆ ಎಂಬುದನ್ನು ನೋಡಬೇಕು ಎಂದರು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವ ಕೊಂಡಿಗೆ ಲಿಂಕ್ ಎನ್ನುತ್ತಾರೆ. ಪ್ರತಿಯೊಂದು ಲಿಂಕೂ ಒಂದು ಮತ. ಎಲ್ಲ ಮತಗಳ ತೂಕ ಸಮನಲ್ಲ. ತಾನೇ ಹೆಚ್ಚು ಮತ ಪಡೆದ ಪುಟ ಹಾಕಿದ ಮತಕ್ಕೆ ಬೆಲೆ ಹೆಚ್ಚು. ಈ ಲೆಕ್ಕಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು. ಅವರು ಕಟ್ಟಿದ ಗೂಗಲ್ ಅಷ್ಟು ಬೇಗ ಜಗತ್ತನ್ನು ಆವರಿಸಲು ಈ ಲೆಕ್ಕವೇ ದೊಡ್ಡ ಕಾರಣ.

ನಮ್ಮ ವೃತ್ತಿಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ನಿಮ್ಮ ಎದೆನೋವು ನನ್ನ ಕೈಮೀರಿದ್ದು ಎನ್ನಿಸಿದಾಗ ನಾನು ಒಬ್ಬ ಹೃದ್ರೋಗ ತಜ್ಞರ ಹೆಸರಿಗೆ ಪತ್ರ ಬರೆದುಕೊಡುತ್ತೇನೆ. ಊರಿನ ಹತ್ತು ವೈದ್ಯರು ಒಬ್ಬರೇ ತಜ್ಞರ ಬಳಿಗೆ ರೋಗಿಗಳನ್ನು ಕಳಿಸುತ್ತಿದ್ದರೆ ಆ ತಜ್ಞರಲ್ಲಿ ಏನೋ ಗುಣವಿದೆ ಎಂದು ನೀವು ಊಹಿಸುತ್ತೀರಿ. ದೊಡ್ಡಾಸ್ಪತ್ರೆಯ ಹಿರಿಯ ಪ್ರಾಧ್ಯಾಪಕರೂ ಅವರನ್ನೇ ಹೇಳಿದರೆ ಆ ಊಹೆ ಗಟ್ಟಿಯಾಗುತ್ತದೆ. ಲಿಂಕ್ ಎಂದರೆ ಇಂಥದೇ ಒಂದು ಶಿಫಾರಸು ಪತ್ರ. ಬರೆದವರು ಪ್ರಾಮಾಣಿಕರಾಗಿರುವ ತನಕ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ.

ಕಮಿಷನ್ ಎಂಬ ಕಾಯಿಲೆ

ಶಿಫಾರಸಿಗೆ ಕಮಿಷನ್ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಕ್ಯಾನಿಂಗಿಗೆ ಕಳಿಸಿದರೆ ಇಷ್ಟು, ಆಪರೇಷನ್‌ಗೆ ಕಳಿಸಿದರೆ ಇಷ್ಟು ಎಂಬ ವ್ಯವಹಾರ ನಮ್ಮ ವೃತ್ತಿಗೆ ಅಂಟಿದ ಕಳಂಕ. ವೈದ್ಯರ ನೀತಿಸಂಹಿತೆಯ 2002ರ ನಿಯಮಗಳು ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ಸ್ಪಷ್ಟವಾಗಿ ನಿಷೇಧಿಸಿವೆ. ಕಮಿಷನ್ ಬಂದ ಮೇಲೆ ಪತ್ರದಲ್ಲಿರುವ ಹೆಸರು ಒಳ್ಳೆಯ ತಜ್ಞರದ್ದೋ, ಹೆಚ್ಚು ಕೊಟ್ಟವರದ್ದೋ ಎಂಬುದು ರೋಗಿಗೆ ತಿಳಿಯುವುದೇ ಇಲ್ಲ. ಲಿಂಕ್ ವ್ಯಾಪಾರವೂ ಥೇಟ್ ಇದೇ.

ಲಿಂಕ್‌ಗಳಿಗೆ ಬೆಲೆ ಬಂದ ಕೂಡಲೇ ಅವುಗಳನ್ನು ಮಾರುವವರೂ ಹುಟ್ಟಿಕೊಂಡರು. ಒಬ್ಬನೇ ನೂರಾರು ವೆಬ್‌ಸೈಟ್‌ಗಳನ್ನು ತೆರೆದು, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟು, ಎಲ್ಲವೂ ಕೂಡಿ ತನ್ನ ಗಿರಾಕಿಯ ಅಂಗಡಿಯತ್ತ ಬೆರಳು ತೋರಿಸುವಂತೆ ಮಾಡುವುದು ಒಂದು ಬಗೆ. ಹಳೆಯ ಸಂಘ ಸಂಸ್ಥೆಗಳ ವೆಬ್ ವಿಳಾಸಗಳಿಗೆ ವರ್ಷವರ್ಷ ಶುಲ್ಕ ಕಟ್ಟದಿದ್ದರೆ ವಿಳಾಸ ಕೈತಪ್ಪುತ್ತದೆ. ಅಂಥ ವಿಳಾಸವನ್ನು ಕೊಂಡು, ಅದು ಗಳಿಸಿದ್ದ ಒಳ್ಳೆಯ ಹೆಸರಿನ ನೆರಳಲ್ಲಿ ತೂಕ ಇಳಿಸುವ ಪುಡಿ ಮಾರುವುದು ಇನ್ನೊಂದು ಬಗೆ. ಇವೆಲ್ಲಕ್ಕಿಂತ ಕೆಟ್ಟದ್ದು ಕನ್ನ ಹಾಕುವುದು. ಬೇರೆಯವರ ಜಾಲತಾಣಕ್ಕೆ ಕಳ್ಳತನದಿಂದ ನುಗ್ಗಿ, ಅದರ ಪುಟಗಳ ಒಳಗೆ ಯಾರಿಗೂ ಕಾಣದಂತೆ ಲಿಂಕ್‌ಗಳನ್ನು ತುರುಕುತ್ತಾರೆ. ಮನೆಯ ಯಜಮಾನನಿಗೆ ತನ್ನ ಗೋಡೆಯ ಮೇಲೆ ಯಾರ ಜಾಹೀರಾತಿದೆ ಎಂಬುದೇ ಗೊತ್ತಿರುವುದಿಲ್ಲ.

ಈ ಕನ್ನದ ಕೆಲಸ ಔಷಧಿ ವ್ಯಾಪಾರದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡ ಔಷಧಿಗಳಿಗೆ ಸಂಬಂಧಿಸಿದ 218 ಹುಡುಕು ಪದಗಳನ್ನು ಆರಿಸಿಕೊಂಡು, ಒಂಬತ್ತು ತಿಂಗಳ ಕಾಲ ದಿನವೂ ಫಲಿತಾಂಶಗಳನ್ನು ದಾಖಲಿಸಿತು. ಸಿಕ್ಕ ಫಲಿತಾಂಶಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕನ್ನ ಬಿದ್ದ ಜಾಲತಾಣಗಳದ್ದು! ಅಂಥ ತಾಣಗಳ ಸಂಖ್ಯೆ 7,000ಕ್ಕೂ ಹೆಚ್ಚು. ಅವುಗಳಲ್ಲಿ ವಿಶ್ವವಿದ್ಯಾಲಯಗಳ ತಾಣಗಳೂ ಇದ್ದವು. ಅಲ್ಲಿ ಒತ್ತಿದವರನ್ನು ಅವು ನೇರವಾಗಿ ಕೆಲವು ನೂರು ಔಷಧಿ ಅಂಗಡಿಗಳಿಗೆ ತಳ್ಳುತ್ತಿದ್ದವು, ಅದೂ ಚೀಟಿ ಕೇಳದೆ ಔಷಧಿ ಕೊಡುವ ಅಂಗಡಿಗಳಿಗೆ. ವಿಶ್ವವಿದ್ಯಾಲಯದ ವಿಳಾಸ ಕಂಡು ಧೈರ್ಯವಾಗಿ ಒತ್ತಿದವನು ಮರುಕ್ಷಣ ಹೆಸರಿಲ್ಲದ ಅಂಗಡಿಯ ಕಟ್ಟೆಯ ಮುಂದೆ ನಿಂತಿರುತ್ತಿದ್ದ.

ಅದೇ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ಪ್ರಕರಣ ಜಗತ್ತಿನ ಗಮನ ಸೆಳೆಯಿತು. ಅದು ಔಷಧಿಯದ್ದಲ್ಲ, ಬಟ್ಟೆಬರೆ ಮತ್ತು ಮನೆ ಸಾಮಾನಿನದ್ದು. ಆದರೂ ರೋಗದ ಲಕ್ಷಣಗಳೆಲ್ಲ ಸ್ಪಷ್ಟವಾಗಿ ಕಾಣುವ ಪ್ರಕರಣವಾದ್ದರಿಂದ ಹೇಳುತ್ತೇನೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆ ಸಂಸ್ಥೆಯ ಹೆಸರು ತಿಂಗಳುಗಟ್ಟಲೆ ಉಡುಪು, ಹಾಸಿಗೆ ಹೊದಿಕೆ, ನೆಲಹಾಸು ಯಾವುದನ್ನು ಹುಡುಕಿದರೂ ಗೂಗಲ್ಲಿನಲ್ಲಿ ಮೊದಲು ಬರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕಾರಣ ಹುಡುಕಿದಾಗ, ಬಟ್ಟೆಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಈ ಮಳಿಗೆಯ ಲಿಂಕ್‌ಗಳನ್ನು ಅಂಟಿಸಿರುವುದು ಬಯಲಾಯಿತು. ಇದು ತನಗೆ ತಿಳಿದಿರಲಿಲ್ಲ ಎಂದ ಸಂಸ್ಥೆ, ತಾನು ನೇಮಿಸಿಕೊಂಡಿದ್ದ ಸಲಹೆಗಾರರನ್ನು ಬಿಡಿಸಿತು. ಗೂಗಲ್ ಕೈಯಾರೆ ಶಿಕ್ಷೆ ವಿಧಿಸಿದ ಸಂಜೆ ಒಂದು ಕಂಪನಿಯ ಪ್ರಯಾಣದ ಪೆಟ್ಟಿಗೆಯನ್ನು ಹುಡುಕಿದರೆ 7 ಗಂಟೆಗೆ ಮೊದಲನೆಯದಾಗಿದ್ದ ಮಳಿಗೆ ಎರಡು ಗಂಟೆಯ ನಂತರ 71ನೆಯದಾಗಿತ್ತು. ಆ ಎರಡು ಗಂಟೆಯಲ್ಲಿ ಪೆಟ್ಟಿಗೆಯ ಗುಣವೇನೂ ಬದಲಾಗಿರಲಿಲ್ಲ. ಹೀಗಿರುವಾಗ 'ಮೊದಲು ಬಂತು' ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ನೀವೇ ಯೋಚಿಸಿ.

ಗೂಗಲ್ ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬದಲಾವಣೆ ತಂದು ಖೋಟಾ ಲಿಂಕ್‌ಗಳ ಮೇಲೆ ನಿಂತ ತಾಣಗಳನ್ನು ಕೆಳಕ್ಕೆ ತಳ್ಳಿತು. ಆರೋಗ್ಯ ಮತ್ತು ಹಣಕಾಸಿನ ಪುಟಗಳನ್ನು ಉಳಿದವಕ್ಕಿಂತ ಬಿಗಿಯಾಗಿ ಅಳೆಯಬೇಕೆಂಬ ಸೂಚನೆಯೂ ಅದರ ಮಾರ್ಗದರ್ಶಿಯಲ್ಲಿದೆ. 2024ರ ಮಾರ್ಚ್‌ನಲ್ಲಿ ಕೈತಪ್ಪಿದ ಹಳೆಯ ವಿಳಾಸಗಳ ದುರುಪಯೋಗವನ್ನೂ, ಹೆಸರಾಂತ ತಾಣಗಳಲ್ಲಿ ಜಾಗ ಬಾಡಿಗೆಗೆ ಪಡೆದು ಬೇರೆಯವರು ಬರೆಯಿಸುವುದನ್ನೂ ತಪ್ಪುಗಳ ಪಟ್ಟಿಗೆ ಸೇರಿಸಿತು. ಆದರೂ ನನ್ನ ಅಭಿಪ್ರಾಯ ಇಷ್ಟೇ: ಇದು ಆಂಟಿಬಯಾಟಿಕ್ ಮತ್ತು ರೋಗಾಣುಗಳ ಜಗಳವಿದ್ದಂತೆ. ಔಷಧಿ ಬದಲಾದ ಹಾಗೆ ರೋಗಾಣುವೂ ವೇಷ ಬದಲಿಸುತ್ತದೆ. ಇನ್ನು, ಗೂಗಲ್ ಕೂಡ ದುಡ್ಡಿನಿಂದ ದೂರ ನಿಂತ ಋಷಿಯಲ್ಲ. ಕೆನಡಾದ ಔಷಧಿ ಅಂಗಡಿಗಳು ಅಮೆರಿಕದ ಜನರಿಗೆ ಕಾನೂನುಬಾಹಿರವಾಗಿ ಔಷಧಿ ಮಾರಲು ತನ್ನಲ್ಲಿ ಜಾಹೀರಾತು ಹಾಕಲು ಬಿಟ್ಟದ್ದಕ್ಕಾಗಿ 2011ರ ಆಗಸ್ಟ್‌ನಲ್ಲಿ ಅದು ಅಮೆರಿಕ ಸರ್ಕಾರಕ್ಕೆ 50 ಕೋಟಿ ಡಾಲರ್ ತೆತ್ತಿತು.

ನೂರು ಬಾಯಿ, ಒಂದೇ ಮಾತು

ಈಗ ನಿಮ್ಮ ದೇಹಕ್ಕೆ ಬರೋಣ.

ಹತ್ತೊಂಬತ್ತು ವರ್ಷದ ಒಬ್ಬ ಹುಡುಗ. ಹೆಸರು, ಊರು ಬೇಡ. ಹನ್ನೊಂದನೆಯ ವಯಸ್ಸಿನಿಂದ ಅವನಿಗೆ ಒಂದನೇ ಬಗೆಯ ಸಕ್ಕರೆ ಕಾಯಿಲೆ. ಈ ಬಗೆಯಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಹೊರಗಿನಿಂದ ಇಂಜೆಕ್ಷನ್ ಮೂಲಕ ಕೊಡುವ ಇನ್ಸುಲಿನ್ನೇ ಅವನ ಜೀವ. ದಿನಕ್ಕೆ ನಾಲ್ಕು ಸಲ ಮಗನಿಗೆ ಸೂಜಿ ಚುಚ್ಚುವುದನ್ನು ನೋಡಿ ನೊಂದ ತಾಯಿ, ತಂಗಿಯ ಮಗಳ ಕೈಯಲ್ಲಿ ಫೋನಿನಲ್ಲಿ ಹುಡುಕಿಸಿದರು. ಮೊದಲು ಬಂದ ಪುಟದಲ್ಲಿ 'ಇನ್ಸುಲಿನ್‌ನಿಂದ ಶಾಶ್ವತ ಬಿಡುಗಡೆ' ಎಂದಿತ್ತು. ಒಂದು ಬಗೆಯ ಚೂರ್ಣ. ನಲವತ್ತೈದು ದಿನದ ಕೋರ್ಸ್. ಇಂಜೆಕ್ಷನ್ ನಿಲ್ಲಿಸಿದ ಮೂರನೆಯ ದಿನ ರಾತ್ರಿ ಹುಡುಗನನ್ನು ಎತ್ತಿಕೊಂಡು ಬಂದರು. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ವಾಂತಿ, ಹೊಟ್ಟೆನೋವು. ಉಸಿರು ಆಳವಾಗಿ, ಜೋರಾಗಿ ಎಳೆಯುತ್ತಿದ್ದ. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ತಡವಾದರೆ ಪ್ರಜ್ಞೆ ತಪ್ಪುತ್ತದೆ, ಪ್ರಾಣವೂ ಹೋಗುತ್ತದೆ. ಡ್ರಿಪ್ ಹಾಕಿ, ಇನ್ಸುಲಿನ್ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಅಲ್ಲಿನ ತುರ್ತು ನಿಗಾ ಘಟಕದಲ್ಲಿ ನಾಲ್ಕು ದಿನವಿದ್ದು ಹುಡುಗ ಉಳಿದ.

ಆಮೇಲೆ ಒಂದು ದಿನ ಆ ತಾಯಿ ಬಂದಿದ್ದರು. "ಒಂದು ಕಡೆ ಬರೆದಿದ್ದರೆ ನಾನೂ ನಂಬುತ್ತಿರಲಿಲ್ಲ ಸಾರ್. ನಾನೂ ಎಂಟನೇ ಕ್ಲಾಸು ಓದಿದೀನಿ. ಹತ್ತು ಹನ್ನೆರಡು ಕಡೆ ನೋಡಿದೆ, ಎಲ್ಲ ಕಡೆಯೂ ಅದನ್ನೇ ಹೇಳಿದ್ದರು" ಎಂದರು. ಆ ಪುಟಗಳನ್ನು ಅವರ ಫೋನಿನಲ್ಲೇ ಒಂದೊಂದಾಗಿ ತೆಗೆದು ನೋಡಿದೆ. ಒಂದಕ್ಕೆ ಆರೋಗ್ಯ ಪತ್ರಿಕೆಯ ವೇಷ, ಇನ್ನೊಂದಕ್ಕೆ ಗುಣಮುಖರಾದವರ ಅನುಭವದ ವೇಷ, ಮತ್ತೊಂದು ಐದು ಔಷಧಿಗಳನ್ನು ಹೋಲಿಸಿ ಇದೇ ಮೇಲು ಎಂದು ತೀರ್ಪು ಕೊಟ್ಟಿತ್ತು. ವಾಕ್ಯಗಳು ಅವೇ. ಒಂದು ಕಡೆ ಬಿದ್ದಿದ್ದ ಕಾಗುಣಿತದ ತಪ್ಪು ಎಲ್ಲ ಕಡೆಯೂ ಬಿದ್ದಿತ್ತು. ಎಲ್ಲದರ ಕೊನೆಯಲ್ಲಿ ಆರ್ಡರ್ ಮಾಡಲು ಒಂದೇ ಫೋನ್ ನಂಬರ್.

ಇದನ್ನು ನೀವು ಚೆನ್ನಾಗಿ ಗಮನಿಸಬೇಕು. ಆ ತಾಯಿ ಅಜಾಗರೂಕರಾಗಿರಲಿಲ್ಲ. ಬುದ್ಧಿವಂತರು ಮಾಡುವುದನ್ನೇ ಮಾಡಿದರು, ಒಬ್ಬರ ಮಾತು ಕೇಳದೆ ಹತ್ತು ಜನರನ್ನು ವಿಚಾರಿಸಿದರು. ಆ ಹತ್ತೂ ಬಾಯಿಗಳ ಹಿಂದೆ ಒಂದೇ ನಾಲಿಗೆ ಇತ್ತು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಖೋಟಾ ಲಿಂಕ್‌ಗಳ ಜಾಲ ಸರ್ಚ್ ಎಂಜಿನ್ನಿಗೆ ಮಾಡುವ ಮೋಸ ಮತ್ತು ಮನುಷ್ಯನಿಗೆ ಮಾಡುವ ಮೋಸ ಎರಡೂ ಒಂದೇ ಬಗೆಯದು.

ಕನ್ನಡದಲ್ಲಿ ಹುಡುಕುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಇಂಗ್ಲಿಷಿನಲ್ಲಿ ಒಂದು ರೋಗದ ಬಗ್ಗೆ ಒಳ್ಳೆಯ ಪುಟಗಳೂ ಬೇಕಾದಷ್ಟಿರುವುದರಿಂದ ಕೆಟ್ಟದ್ದು ಮೇಲೇರಲು ಸ್ವಲ್ಪ ಕಷ್ಟಪಡಬೇಕು. ಕನ್ನಡದಲ್ಲಿ ವೈದ್ಯರು ಬರೆದ ಪುಟಗಳೇ ಕಡಿಮೆ. ಖಾಲಿ ಮೈದಾನದಲ್ಲಿ ಕುಂಟನೂ ಓಟದಲ್ಲಿ ಮೊದಲು ಬರುತ್ತಾನೆ. ನಾನು ನೋಡಿದ ಅನೇಕ ಪುಟಗಳು ಯಂತ್ರದಿಂದ ಅನುವಾದವಾದವು. ಒಂದರಲ್ಲಂತೂ ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ಊಟದ ಬದಲಿಗೆ ತೆಗೆದುಕೊಳ್ಳಿ ಎಂದಿತ್ತು!

ಚೂರ್ಣದ ಒಳಗೆ

ಹೀಗೆ ಮೇಲೇರಿ ಬರುವ ಪೊಟ್ಟಣಗಳಲ್ಲಿ ಏನಿರುತ್ತದೆ? ಬರೀ ಗೋಧಿ ಹಿಟ್ಟಿದ್ದರೆ ಹಣ ಮಾತ್ರ ದಂಡ. ಅಷ್ಟಕ್ಕೇ ನಿಂತರೆ ಪುಣ್ಯ.

ಕೀಲುನೋವಿಗೆಂದು ಮಾರುವ ಗುಟ್ಟಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಹಳೆಯ ದಂಧೆ. ಎರಡೇ ದಿನದಲ್ಲಿ ನೋವು ಮಾಯ. ತಿಂಗಳುಗಳು ಕಳೆದಂತೆ ಮುಖ ದುಂಡಗೆ ಊದಿಕೊಳ್ಳುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ, ಚರ್ಮ ತೆಳುವಾಗಿ ಸ್ವಲ್ಪ ತಗುಲಿದರೂ ಕಂದುತ್ತದೆ. ಇನ್ನೂ ಅಪಾಯಕಾರಿಯಾದ ಸಂಗತಿ ಎಂದರೆ, ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು. ಹೊರಗಿನಿಂದ ಸಿಗುತ್ತಿದ್ದುದರಿಂದ ದೇಹದ ಸ್ವಂತ ಗ್ರಂಥಿ ನಿದ್ದೆ ಹೋಗಿರುತ್ತದೆ. ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಒಳಗೆ ಏನಿದೆ ಎಂದು ಗೊತ್ತಿಲ್ಲದವನಿಗೆ ಹೇಗೆ ನಿಲ್ಲಿಸಬೇಕು ಎಂಬುದೂ ಗೊತ್ತಾಗದು.

ಗಂಡಸರ ದೌರ್ಬಲ್ಯಕ್ಕೆ ಎಂದು ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ಎಂಬ ಆಧುನಿಕ ಔಷಧಿಯನ್ನು ಹೇಳದೆ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು, ಅಂದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಜಾತಿಯ ಮಾತ್ರೆ ಬಳಸುವವರು, ಇದನ್ನು ತಿಂದರೆ ರಕ್ತದೊತ್ತಡ ಪಾತಾಳಕ್ಕಿಳಿಯಬಹುದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ತರಿಸಿಕೊಳ್ಳುವ ಔಷಧಿ ಇದು. ಆಸ್ಪತ್ರೆಗೆ ಬಂದಾಗಲೂ ಬಾಯಿ ಬಿಡುವುದಿಲ್ಲ.

ಲೋಹಗಳ ಮಾತೂ ಇದೆ. ಇಂಟರ್‌ನೆಟ್ ಮೂಲಕ ಮಾರಾಟವಾಗುತ್ತಿದ್ದ, ಅಮೆರಿಕ ಮತ್ತು ಭಾರತಗಳಲ್ಲಿ ತಯಾರಾದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ಇದನ್ನು ಓದಿ ಆಯುರ್ವೇದವನ್ನೇ ದೂರಬೇಡಿ. ಕಲಿತ ಆಯುರ್ವೇದ ವೈದ್ಯರು ನಾಡಿ ನೋಡಿ, ಮಾತಾಡಿಸಿ ಔಷಧಿ ಕೊಡುತ್ತಾರೆ. ಮುಖವನ್ನೇ ತೋರಿಸದೆ, ಮುಂಗಡ ಹಣ ಪಡೆದು ಕೊರಿಯರ್ ಮಾಡುವವನನ್ನು ಅವರ ಸಾಲಿನಲ್ಲಿ ನಿಲ್ಲಿಸುವುದು ಆ ವೈದ್ಯರಿಗೇ ಅನ್ಯಾಯ. ಸೀಸ ಮೈಯಲ್ಲಿ ಸೇರಿದರೆ ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ರಕ್ತಹೀನತೆ, ನರಗಳ ದೌರ್ಬಲ್ಯ ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಗೇ ಪೆಟ್ಟು.

ನಮ್ಮ ಬಾಗಿಲಿಗೂ ಬರುತ್ತಾರೆ

ಈ ವ್ಯಾಪಾರದ ಏಜೆಂಟರು ವೈದ್ಯರನ್ನೂ ಬಿಟ್ಟಿಲ್ಲ. ಕೆಲವು ತಿಂಗಳ ಹಿಂದೆ ಟೈ ಕಟ್ಟಿಕೊಂಡ ಯುವಕನೊಬ್ಬ ಬಂದು, ತಿಂಗಳಿಗೆ ಇಷ್ಟು ಕೊಟ್ಟರೆ ಇನ್ನೂರು ಲಿಂಕ್ ಹಾಕಿಸುವುದಾಗಿಯೂ, ನಮ್ಮೂರಿನಲ್ಲಿ ಯಾರು ಡಾಕ್ಟರನ್ನು ಹುಡುಕಿದರೂ ನನ್ನ ಹೆಸರೇ ಮೊದಲು ಬರುವಂತೆ ಮಾಡುವುದಾಗಿಯೂ ಹೇಳಿದ. ಜೊತೆಗೆ 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ' ಎಂಬ ಪದಗಳಿಗೆ ಬೇಡಿಕೆ ಹೆಚ್ಚು ಸಾರ್, ಅದನ್ನೂ ಸೇರಿಸೋಣ ಎಂದ. ಲಿಂಕ್ ಕೊಡುವ ಇನ್ನೂರು ಜನ ಯಾರಪ್ಪಾ, ಅವರಿಗೆ ನನ್ನ ಪರಿಚಯ ಉಂಟೇ ಎಂದು ಕೇಳಿದ್ದಕ್ಕೆ ನಕ್ಕ. "ಜನ ಅಲ್ಲ ಸಾರ್, ಸೈಟುಗಳು" ಎಂದ.

ಹಾಗೆ ಬರೆಸಿಕೊಳ್ಳುವುದು ಅಪರಾಧ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ಒಂದು ಪಟ್ಟಿ ಲಗತ್ತಿಸಲಾಗಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು, ರಕ್ತದೊತ್ತಡ, ಬೊಜ್ಜು, ತೊನ್ನು ಮೊದಲಾದ ಅನೇಕ ರೋಗಗಳು ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ನೀಡುವಂತಿಲ್ಲ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಕಾಯ್ದೆ ಹಳೆಯದು, ಜಾರಿ ಸಡಿಲ. ಆದರೂ ಓದುಗರಿಗೆ ಇದರಿಂದ ಒಂದು ಪ್ರಯೋಜನವಿದೆ. ಪಟ್ಟಿಯಲ್ಲಿರುವ ರೋಗಕ್ಕೆ 'ಶಾಶ್ವತ', 'ನೂರಕ್ಕೆ ನೂರು', 'ಬೇರುಸಹಿತ' ಎಂಬ ಪದಗಳು ಕಂಡ ಕೂಡಲೇ, ಬರೆದವನು ಕಾನೂನನ್ನು ಲೆಕ್ಕಿಸದವನು ಎಂದು ತಿಳಿಯಬಹುದು.

ಹಾಗೆಂದು ಸರ್ಚ್ ಎಂಜಿನ್‌ನಲ್ಲಿ ಕಾಣಿಸಿಕೊಳ್ಳಲು ಮಾಡುವ ಪ್ರಯತ್ನವೆಲ್ಲ ಮೋಸವಲ್ಲ. ಆಸ್ಪತ್ರೆಯೊಂದು ತನ್ನ ವಿಳಾಸ, ಸಮಯ, ವೈದ್ಯರ ಅರ್ಹತೆಗಳನ್ನು ಸ್ಪಷ್ಟವಾಗಿ ಬರೆದಿಡುವುದು, ಒಳ್ಳೆಯ ಲೇಖನ ಬರೆದು ಅದನ್ನು ಮೆಚ್ಚಿದವರು ತಾವಾಗಿಯೇ ಲಿಂಕ್ ಕೊಡುವುದು, ಇವು ಸರಿಯಾದ ದಾರಿಗಳೇ. ಅಂಗಡಿಗೆ ಬೋರ್ಡು ಹಾಕಿಕೊಳ್ಳುವುದು ತಪ್ಪಲ್ಲ, ಪಕ್ಕದ ಅಂಗಡಿಯವನ ಗೋಡೆಗೆ ರಾತ್ರಿ ಹೋಗಿ ಬರೆದು ಬರುವುದು ತಪ್ಪು.

ನೀವು ಏನು ನೋಡಬೇಕು?

ಪಟ್ಟಿಯ ಮೇಲ್ತುದಿಯಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ ಇದೆಯೇ ನೋಡಿ. ಇದ್ದರೆ ಅದು ನೇರ ಜಾಹೀರಾತು. ಅದಾದರೂ ಹೇಳಿಕೊಂಡು ಮಾಡುವ ವ್ಯಾಪಾರ. ಖೋಟಾ ಲಿಂಕ್‌ನಿಂದ ಮೇಲೇರಿದ ಪುಟದ ಮೇಲೆ ಯಾವ ಗುರುತೂ ಇರುವುದಿಲ್ಲ. 2024ರಿಂದ ಗೂಗಲ್ ಕೆಲವು ಹುಡುಕಾಟಗಳಿಗೆ ಪಟ್ಟಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನೂ ಕೊಡುತ್ತಿದೆ. ಅದೂ ಇಂಥ ಪುಟಗಳನ್ನೇ ಓದಿ ಬರೆದದ್ದು. ಅಡಿಗೆಯವರು ಬದಲಾದರೂ ತರಕಾರಿ ಅದೇ ಸಂತೆಯದು.

ಪುಟದಲ್ಲಿ ಔಷಧಿಯ ಬಗ್ಗೆ ಹೇಳುವವರೇ ಔಷಧಿಯನ್ನೂ ಮಾರುತ್ತಿದ್ದಾರೆಯೇ? ಬರೆದ ವೈದ್ಯರ ಹೆಸರು, ಅರ್ಹತೆ, ನೋಂದಣಿ ಸಂಖ್ಯೆ ಇದೆಯೇ? ಅಡ್ಡ ಪರಿಣಾಮಗಳ ಮಾತಿದೆಯೇ? ನಾನಂತೂ ಮೊದಲು ನೋಡುವುದು ಇದನ್ನೇ. ಯಾರಿಗೆ ಕೊಡಬಾರದು ಎಂದು ಹೇಳದ ಔಷಧಿಯ ಪುಟವನ್ನು ನಾನು ಮುಂದಕ್ಕೆ ಓದುವುದಿಲ್ಲ. ಇನ್ನೊಂದು ಸುಲಭ ಪರೀಕ್ಷೆ ಇದೆ. ಪುಟದ ಒಂದು ಉದ್ದ ವಾಕ್ಯವನ್ನು ಹಾಗೆಯೇ ನಕಲು ಮಾಡಿ ಹುಡುಕಿ. ಅದೇ ವಾಕ್ಯ ಹತ್ತು ಕಡೆ ಕಂಡರೆ, ಆ ಹುಡುಗನ ತಾಯಿಗೆ ಸಿಕ್ಕ ಹತ್ತು ಸಾಕ್ಷಿಗಳನ್ನು ನೆನೆಸಿಕೊಳ್ಳಿ.

ಹುಡುಕಲೇಬೇಕಿದ್ದರೆ ಪಟ್ಟಿಯ ಮೂಲಕ ಹೋಗದೆ, ವಿಶ್ವ ಆರೋಗ್ಯ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿಯಂಥ ಸಂಸ್ಥೆಗಳ ತಾಣಕ್ಕೆ ನೇರವಾಗಿ ಹೋಗಿ. ಅಲ್ಲಿ ನಿಮಗೆ ಏನನ್ನೂ ಮಾರುವುದಿಲ್ಲ. ಇಂಗ್ಲಿಷ್ ಕಷ್ಟವಾದರೆ ಮನೆಯ ಕಾಲೇಜು ಮಕ್ಕಳಿಂದ ಓದಿಸಿ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದರಿಂದ ಅವರಿಗೂ ಕಳ್ಳ ಪುಟ ಗುರುತಿಸುವ ಅಭ್ಯಾಸವಾಗುತ್ತದೆ. ಅಜ್ಜಿಗೆ ಹುಡುಕಿಕೊಟ್ಟ ಮೊಮ್ಮಗನನ್ನು ಬೈದು ಫೋನ್ ಕಸಿದುಕೊಂಡರೆ ಮುಂದಿನ ಸಲ ಅವನು ನಿಮಗೆ ತೋರಿಸದೆ ಹುಡುಕುತ್ತಾನೆ.

ಆಸ್ಪತ್ರೆಯ ಫೋನ್ ನಂಬರನ್ನು ಹುಡುಕಿ ತೆಗೆಯುವಾಗಲೂ ಎಚ್ಚರ ಬೇಕು. ದೊಡ್ಡ ಆಸ್ಪತ್ರೆಗಳ ಹೆಸರಿನಲ್ಲಿ ಸುಳ್ಳು ನಂಬರ್ ಹರಡಿ, 'ಟೋಕನ್‌ಗೆ ಹತ್ತು ರೂಪಾಯಿ ಕಳಿಸಿ' ಎಂದು ಲಿಂಕ್ ಕೊಟ್ಟು ಖಾತೆಯನ್ನೇ ಬರಿದು ಮಾಡುವವರಿದ್ದಾರೆ. ನಿಮ್ಮ ಹಳೆಯ ಓಪಿಡಿ ಕಾರ್ಡಿನಲ್ಲಿ ಅಥವಾ ಬಿಲ್ಲಿನಲ್ಲಿ ಅಚ್ಚಾಗಿರುವ ನಂಬರಿಗೇ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ದೂರು ಕೊಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಈಗಾಗಲೇ ಅಂಥ ಔಷಧಿ ತರಿಸಿ ತೆಗೆದುಕೊಳ್ಳುತ್ತಿರುವವರು ಏನು ಮಾಡಬೇಕು? ಮೊದಲನೆಯದಾಗಿ, ವೈದ್ಯರು ಬರೆದುಕೊಟ್ಟ ಔಷಧಿಯನ್ನು, ಮುಖ್ಯವಾಗಿ ಇನ್ಸುಲಿನ್, ಮೂರ್ಛೆರೋಗ, ಹೃದಯ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸಿದ್ದರೆ ಇವತ್ತೇ ನಿಮ್ಮ ವೈದ್ಯರನ್ನು ಕಾಣಿ. ಕೀಲುನೋವಿನ ಪುಡಿಯನ್ನು ತಿಂಗಳುಗಟ್ಟಲೆ ತಿಂದಿದ್ದರೆ ಈ ಲೇಖನ ಓದಿ ಹೆದರಿ ತಟ್ಟನೆ ಎಸೆಯಬೇಡಿ. ಪುಡಿಯ ಡಬ್ಬಿಯ ಸಮೇತ ವೈದ್ಯರ ಬಳಿಗೆ ಹೋಗಿ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ಹೇಳಿ. ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡ ಮತ್ತು ಪಿತ್ತಜನಕಾಂಗದ ಪರೀಕ್ಷೆಗಳನ್ನು ಅವರು ಮಾಡಿಸುತ್ತಾರೆ. ಬೈಗುಳದ ಭಯದಿಂದ ಮುಚ್ಚಿಡಬೇಡಿ. ನಮ್ಮಲ್ಲಿ ಕೆಲವರು ಬೈಯುತ್ತಾರೆ ನಿಜ. ಹೊರಗೆ ಅರವತ್ತು ಜನ ಕಾದಿರುವಾಗ ಎರಡು ನಿಮಿಷದಲ್ಲಿ ರೋಗಿಯ ಪ್ರಶ್ನೆ ಮುಗಿಸಿಬಿಡುವ ನಮ್ಮ ಅವಸರವೂ ಜನರನ್ನು ಆ ಪುಟಗಳ ಕಡೆಗೆ ತಳ್ಳುತ್ತಿದೆ ಎಂಬುದನ್ನು ವೃತ್ತಿಬಾಂಧವರು ಬೇಸರವಿಲ್ಲದೆ ಒಪ್ಪಬೇಕು.

ಖಾಲಿಯಾದ ಡಬ್ಬಿ, ಕೊರಿಯರ್ ಚೀಟಿ, ಹಣ ಕಳಿಸಿದ ರಸೀದಿಯನ್ನು ಬಿಸಾಡಬೇಡಿ. ಆ ಪುಟ ನಾಳೆ ಬೇರೆ ಹೆಸರಿನಲ್ಲಿ ಬರಬಹುದಾದ್ದರಿಂದ ಫೋನಿನಲ್ಲಿ ಅದರ ಚಿತ್ರ ತೆಗೆದಿಡಿ. ಡಬ್ಬಿಯ ತಳದಲ್ಲಿ ಸ್ವಲ್ಪ ಪುಡಿ ಉಳಿದಿದ್ದರೆ ಮುಚ್ಚಳ ಬಿಗಿದು ಹಾಗೆಯೇ ಇಟ್ಟು, ಎಲ್ಲವನ್ನೂ ನಿಮ್ಮ ಜಿಲ್ಲೆಯ ಡ್ರಗ್ಸ್ ಇನ್‌ಸ್ಪೆಕ್ಟರ್ ಕಚೇರಿಗೆ ಲಿಖಿತ ದೂರಿನೊಂದಿಗೆ ಕೊಡಿ. ದೂರಿನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ.